ಸುಶೀಲಕ್ಕೋರ ಸಾವಿರದ ಇನ್ನೂರ ಹದಿನೈದು

ನಮ್ಮ ಸುಶೀಲಕ್ಕೋರಿಗೆ ಜಗತ್ತಿನ ಇತಿಹಾಸವೆಂದರೆ ಒಂದೇ ವರ್ಷ: ಸಾವಿರದ ಇನ್ನೂರ ಹದಿನೈದು. ಅಥಣಿಯ ಹೈಸ್ಕೂಲಿನಲ್ಲಿ ನಮಗೆ ಅವರೇ ಇತಿಹಾಸದ ಟೀಚರು. ಪುಸ್ತಕದಲ್ಲಿ ಅಶೋಕನಿರಲಿ, ಅಕ್ಬರನಿರಲಿ, ಪಾಠ ಸುತ್ತಿ ಸುತ್ತಿ ಆ ವರ್ಷಕ್ಕೇ ಬಂದು ಕೂರುತ್ತಿತ್ತು. "ಒಂದು ವರ್ಷ ನೆಟ್ಟಗ ಕಲೀರಿ. ಉಳದ ವರ್ಷದಾಗೂ ಮಂದಿ ಇದನ್ನಽ ಮಾಡ್ಯಾರ" ಎನ್ನುತ್ತಿದ್ದರು. ಪಾಠಗಳು ಎಂದೂ ಮುಗಿಯಲಿಲ್ಲ. ಆದರೂ ನಾವೆಲ್ಲ ಹೇಗೆ ಪಾಸಾದೆವೋ ದೇವರೇ ಬಲ್ಲ.

ಕುಳ್ಳ ದೇಹ, ಸಂತೆಯ ಗದ್ದಲವನ್ನೂ ಮೀರುವ ಗಂಟಲು. ಓಣಿಯಲ್ಲಿ ಏನೇ ನಡೆಯಲಿ, ಆ ವರ್ಷದ ಒಂದು ಸಂಗತಿ ಅವರ ಸೆರಗಿನಲ್ಲಿ ಸಿದ್ಧ. ಒಮ್ಮೆ ಕಬ್ಬಿನ ಟ್ರ್ಯಾಕ್ಟರು ಪಕ್ಕದ ಮನೆಯ ಕಾಂಪೌಂಡ್ ಕೆಡವಿ ಹೋಯಿತು. ತಲೆಯ ಮೇಲೆ ಕೈ ಹೊತ್ತು ಕೂತ ಯಜಮಾನನಿಗೆ ಅಕ್ಕೋರ ಸಮಾಧಾನ: "ಚೀನಾದಾಗ ಅಷ್ಟು ದೊಡ್ಡ ಕೋಟೆ ಇದ್ದ ರಾಜಧಾನೀನಽ ಮಂಗೋಲರು ಆ ವರ್ಷ ತಗೊಂಡ್ರು. ನಿನ್ನ ಗ್ವಾಡಿ ಯಾವ ಲೆಕ್ಕ ಬಿಡೋ ತಮ್ಮಾ." ಅವನು ಕೈ ಮುಗಿದ. "ಅಕ್ಕೋರ, ನನಗ ಮಂಗೋಲರು ಬ್ಯಾಡ, ಆ ಟ್ರ್ಯಾಕ್ಟರಿನ ನಂಬರ್ ಬೇಕ್ರಿ!"

ಚಹಾದ ವಿಷಯದಲ್ಲಂತೂ ಕೇಳಲೇಬೇಡಿ. ಜಪಾನಿಗೆ ಚಹಾದ ಬೀಜ ಒಯ್ದ ಸನ್ಯಾಸಿ ತೀರಿಕೊಂಡದ್ದೂ ಅದೇ ವರ್ಷವಂತೆ. ಯಾರಾದರೂ ಅರ್ಧ ಕಪ್ಪು ಮುಂದಿಟ್ಟರೆ, "ಆ ಪುಣ್ಯಾತ್ಮನ ಮಾನಾ ಕಳೀಬ್ಯಾಡವಾ, ತುಂಬಸು" ಎಂದು ಕಪ್ಪನ್ನು ವಾಪಸು ನೂಕುತ್ತಿದ್ದರು.

ಇಷ್ಟೆಲ್ಲ ಇದ್ದರೂ ಅವರ ಜೀವವಿದ್ದದ್ದು ಇಂಗ್ಲೆಂಡಿನ ರಾಜನ ಕಥೆಯಲ್ಲಿ. ಸರದಾರರೆಲ್ಲ ಒಂದಾಗಿ ಅವನನ್ನು ಹೊಳೆ ದಂಡೆಯ ಹುಲ್ಲುಗಾವಲಿಗೆ ಕರೆಸಿ, ಮನಸ್ಸಿಗೆ ಬಂದಂತೆ ಆಳುವುದಿಲ್ಲ ಎಂಬ ಒಪ್ಪಂದಕ್ಕೆ ಮುದ್ರೆ ಒತ್ತಿಸಿದ ಕಥೆ. "ನಮ್ಮ ಕುಡಚಿ ಹೊಳಿ ದಂಡಿ ಅಂತ ತಿಳೀರಿ" ಎಂದು ಶುರು ಮಾಡಿದರೆ ನಮಗೆ ರಾಜನ ಬೆವರೂ ಕಾಣುತ್ತಿತ್ತು.

ಮುಂದೆ ಆ ಕಥೆ ನನ್ನ ಬದುಕಿನೊಳಗೇ ಬಂತು. ರಾಯಬಾಗದ ಶಾಲೆಯೊಂದರಲ್ಲಿ ನನಗೆ ಇತಿಹಾಸ ಕಲಿಸುವ ಕೆಲಸ ಸಿಕ್ಕಿತ್ತು, ಕರೋಶಿಯ ಮನೆತನದೊಂದಿಗೆ ಮದುವೆಯೂ ಗೊತ್ತಾಗಿತ್ತು. ಕೆಲಸದ ಮಾತೆತ್ತಿದಾಗಲೆಲ್ಲ ಮಾವನಾಗುವ ಅಣ್ಣಾಸಾಹೇಬರು, "ಮದುವಿ ಆಗ್ಲಿ, ನೋಡೋಣು" ಎನ್ನುತ್ತಿದ್ದರು. ಕೆಲಸ ಬಿಡಲು ನನಗೆ ಸುತರಾಂ ಮನಸ್ಸಿರಲಿಲ್ಲ. ಅಕ್ಕೋರ ಮುಂದೆ ಹೋಗಿ ಅತ್ತುಬಿಟ್ಟೆ.

"'ನೋಡೋಣು' ಅಂದ್ರ 'ಇಲ್ಲ' ಅಂತ. ಆ ರಾಜಾನೂ ಹಿಂಗಽ ಅಂತಿದ್ದ" ಎಂದರು ಅಕ್ಕೋರು. "ಮೊದಲ ಕಣ್ಣೀರು ಒರಸ್ಕೋ. ಸೊಸಿಗೆ ಒಂದಽ ಗಳಿಗಿ ಅಧಿಕಾರ ಇರತೈತಿ. ಎಲ್ಲಿ, ಹೇಳು?"

ನಾನು ಕಣ್ಣು ಒರೆಸಿಕೊಂಡು, "ಅಡಗಿಮನ್ಯಾಗೇನ್ರಿ?" ಎಂದೆ.

"ಹೊಸ್ತಿಲದಾಗ! ಗಂಡನ ಹೆಸರು ಹೇಳಂತ ಊರ ಮಂದಿ ಬಾಯಿ ತಕ್ಕೊಂಡು ನಿಂತಿರತಾರಲ್ಲ, ಆವಾಗ."

ನಮ್ಮ ಕಡೆ ಮದುಮಗಳು ಗಂಡನ ಹೆಸರನ್ನು ಒಡಪಿನಲ್ಲಿ, ಎಂದರೆ ಪ್ರಾಸದ ಪದದಲ್ಲಿ ಸೇರಿಸಿ ಹೇಳದೆ ಒಳಗೆ ಕಾಲಿಡುವಂತಿಲ್ಲ. ಮದುವೆಯ ದಿನ ಅಕ್ಕೋರೂ ನನ್ನ ಜತೆ ಕರೋಶಿಗೆ ಬಂದರು. ನಾದಿನಿ ಬಾಗಿಲಿಗೆ ಅಡ್ಡ ನಿಂತು, "ಒಡಪು ಹೇಳ್ರಿ ವೈನಿ!" ಎಂದಳು. ನಾನು ಹೇಳಿಯೇಬಿಟ್ಟೆ:

"ಮುದ್ರಿ ಒತ್ತಿದ ಮ್ಯಾಲ ರಾಜಾಗ ಸಿಕ್ತು ಮಾನ,
ಸಾಲಿಗೆ ಕಳಸ್ತೀನಂತ ಮಾವಾರು ಕೊಡಲಿ ವಚನ,
ಆಮ್ಯಾಲ ಹೇಳತೀನಿ ಯಜಮಾನ್ರ ಹೆಸರನ್ನ!"

ಅಂಗಳದ ತುಂಬ ಹೆಂಗಸರ ನಗು ಶುರುವಾಯಿತು ನೋಡಿ! ಮಾವ ತಲೆಗೆ ಸುತ್ತಿದ್ದ ಪಟಗ ಸರಿಮಾಡಿಕೊಂಡರು, ಕೆಮ್ಮಿದರು, ಆಕಾಶ ನೋಡಿದರು. ಕಾಗವಾಡದಿಂದ ಬಂದಿದ್ದ ಬೀಗರೊಬ್ಬರು ಮರಾಠಿಯಲ್ಲಿ, "ಹೋ ಮ್ಹಣಾ ಕೀ, ಅಣ್ಣಾ!" ಎಂದು ಹೂಂ ಅನ್ನಲು ಹುರಿದುಂಬಿಸಿದರು. ಮಾವನ ತಾಯಿ, "ಲಗೂ ಹೂಂ ಅನ್ನೋ, ನನ್ನ ಕಾಲು ನೋಯಾಕತ್ತಾವು" ಎಂದು ಗದರಿದರು. ಮಾವ ಮೀಸೆಯೊಳಗೇ ಏನೋ ಅಂದರು.

"ಜೋರಾಗಿ ಅನ್ರಿ, ಹಿಂದಿನವ್ರಿಗೆ ಕೇಳವಲ್ದು!" ಎಂದು ಹಿಂದಿನಿಂದ ಅಕ್ಕೋರ ಗಂಟಲು.

"ಹೂಂ, ಕಳಸ್ತೀನ್ರಿ!" ಎಂದು ಮಾವ ಕೂಗಿದರು. ನಾನು "ಮಹಾಂತೇಶ" ಎಂದು ಒಳಗೆ ಕಾಲಿಟ್ಟೆ.

ಊಟಕ್ಕೆ ಕೂತಾಗ ಅಕ್ಕೋರು ಮಾವನ ಪಕ್ಕವೇ ಕೂತು ರಾಜನ ಕಥೆ ಬಿಚ್ಚಿದರು. "ಕೊಟ್ಟ ಮಾತಿಗೆ ತಪ್ಪಲಿಲ್ಲ ನೋಡ್ರಿ. ಎಂಟುನೂರು ವರ್ಷ ಆದ್ರೂ ಮಂದಿ ಹೆಸರು ತಗೀತಾರ." ಮಾವನಿಗೆ ಅದು ಎಷ್ಟು ಹಿಡಿಸಿತೆಂದರೆ ಆಮೇಲೆ ಚಹಾದಂಗಡಿಯಲ್ಲೂ ಅದೇ ಮಾತು. ಮಳೆ ಬಂದ ದಿನ ನನ್ನನ್ನು ತಾವೇ ಬಸ್ ಸ್ಟ್ಯಾಂಡಿಗೆ ಬಿಡುತ್ತಿದ್ದರು.

ಒಂದು ದಿನ ಪಾಠಕ್ಕೆ ತಯಾರಿ ಮಾಡುವಾಗ ಓದಿ ಬೆಚ್ಚಿಬಿದ್ದೆ. ಆ ರಾಜ ಮೂರು ತಿಂಗಳೊಳಗೆ ರೋಮಿನ ಪೋಪರಿಂದ ಹೇಳಿಸಿ ಒಪ್ಪಂದವನ್ನು ರದ್ದು ಮಾಡಿಸಿದ್ದ, ಅದೂ ಅದೇ ವರ್ಷದಲ್ಲಿ! ಸಿಟ್ಟು ನೆತ್ತಿಗೇರಿತು. ಸೀದಾ ಅಥಣಿಗೆ ಹೋದೆ. ಅಕ್ಕೋರು ಹಾಸಿಗೆ ಹಿಡಿದಿದ್ದರು, ಗಂಟಲೂ ಇಳಿದಿತ್ತು.

"ಅಕ್ಕೋರ, ಆ ರಾಜಾ ಕೈ ಕೊಟ್ಟಿದ್ದನಲ್ರಿ! ನಮಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಹೊಸ್ತಿಲದಾಗ ನಿಂದ್ರತಿದ್ದೇನು?" ಎಂದು ಕಳ್ಳನಗೆ ನಕ್ಕರು. ಆಮೇಲೆ ನನ್ನ ಕೈ ಹಿಡಿದು, "ನಿಮ್ಮ ಮಾವಗ ಹೇಳಿಲ್ಲ ಹೌದಿಲ್ಲೊ? ಬ್ಯಾಡ. ಇಲ್ಲದ್ದು ಯಾಕ ಕಲಸ್ತೀ ಅವ್ರಿಗೆ" ಎಂದರು.

ಅದೇ ಕೊನೆಯ ಭೇಟಿ. ಹೋದ ತಿಂಗಳು ಅವರು ತೀರಿಕೊಂಡಾಗ, "ನಾನೂ ಬರತೀನಿ" ಎಂದು ಮಾವ ನನ್ನ ಜತೆ ಹೊರಟರು. ಹೆಣದ ಮುಂದೆ ಪಟಗ ತೆಗೆದು ನಿಂತರು, ಕಣ್ಣು ಒದ್ದೆಯಾಗಿತ್ತು. ನನ್ನ ಕಡೆ ತಿರುಗಿ ಕೇಳಿದರು: "ಆ ರಾಜಾನೂ ಮಾತು ಉಳಿಸ್ಕೊಂಡ, ನಾನೂ ಉಳಿಸ್ಕೊಂಡೆ. ಹೌದಿಲ್ಲೊ ಯವ್ವಾ?"

ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

"ಹೌದ್ರಿ ಮಾವಾರ. ನೀವು ಅವನಕಿಂತ ಚಲೋ ಉಳಿಸ್ಕೊಂಡ್ರಿ" ಎಂದೆ.