ಓದದೆ ಹಾಕಿದ ಒಪ್ಪ

ನುಸಿಗುಳಿಗೆಯ ವಾಸನೆ ಕಾಗದಕ್ಕೂ ಇಷ್ಟು ಗಟ್ಟಿಯಾಗಿ ಹಿಡಿಯುತ್ತದೆಂದು ನನಗೆ ತಿಳಿದದ್ದು ಮೊನ್ನೆ ಸೋಮವಾರ. ಬ್ಯಾಂಕಿನಿಂದ ಬಿಡಿಸಿಕೊಂಡು ಬಂದ ಮನೆಪತ್ರದ ಫೈಲನ್ನು ಸಿಟೌಟಿನ ಮೇಜಿನ ಮೇಲಿಟ್ಟು ದಾರ ಬಿಚ್ಚಿದೆ. ಇಪ್ಪತ್ತೊಂದು ವರ್ಷ ಯಾರದೋ ಕಪಾಟಿನಲ್ಲಿ ಮಲಗಿದ್ದ ವಾಸನೆ ಎದ್ದು ಬಂತು. ಮದುವೆಯ ಸೀರೆ ತೆಗೆದಾಗ ಬರುವುದೂ ಇದೇ ವಾಸನೆ. ಆಗ ಆಗುವ ಸಂತೋಷ ಮಾತ್ರ ಬರಲಿಲ್ಲ. ಸಾಲ ತೀರಿದ ದಿನ ಹೇಗಿರುತ್ತದೆಂದು ನೀವೂ ಲೆಕ್ಕ ಹಾಕುತ್ತಿದ್ದರೆ ಹೇಳುತ್ತೇನೆ: ತಲೆನೋವು ಬಿಟ್ಟ ಮೇಲೂ ಹಣೆ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದವಳು. ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಟ್ಟು, ಮಜೂರಿ ಪಡೆಯುವಾಗ ಹೆಬ್ಬೆಟ್ಟು ಒತ್ತಿ ಬರುತ್ತಿದ್ದಳು. ಮನೆಗೆ ಬಂದವಳೇ ಶಾಯಿಯ ಬೆರಳನ್ನು ಬಟ್ಟೆಕಲ್ಲಿಗೆ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ನಾನು ಹೈಸ್ಕೂಲಿಗೆ ಹೋದ ಮೇಲೆ ನನ್ನನ್ನೂ ಕರೆದುಕೊಂಡು ಹೋಗತೊಡಗಿದಳು. "ಮಗಳು ಒಪ್ಪ ಹಾಕ್ತಾಳೆ" ಎಂದು ಗುಮಾಸ್ತನಿಗೆ ಗಟ್ಟಿಯಾಗಿ, ಸಾಲಿನಲ್ಲಿ ನಿಂತ ಉಳಿದವರಿಗೂ ಕೇಳುವ ಹಾಗೆ ಹೇಳುತ್ತಿದ್ದಳು. ನಮ್ಮ ಕಡೆ ಸಹಿಗೆ ಒಪ್ಪ ಎನ್ನುತ್ತೇವೆ. ಬರೆದ ಹೆಸರಿಗೂ ಒಪ್ಪಿಕೊಂಡದ್ದಕ್ಕೂ ಒಂದೇ ಮಾತು ಯಾಕೆ ಎಂದು ಆಗ ಹೊಳೆಯಲಿಲ್ಲ. ಹೆಸರಿನ ಬಾಲವನ್ನು ಉದ್ದ ಎಳೆದು ಕೆಳಗೆ ಎರಡು ಚುಕ್ಕಿ ಇಡುವುದೇ ನನಗೆ ದೊಡ್ಡ ಸಂಗತಿಯಾಗಿತ್ತು.

ಆಮೇಲೆ ನಾನು ಬಿ.ಎ. ಮಾಡಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ ನಾನು. ಇದನ್ನು ನಾನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಪದವಿಯ ಸರ್ಟಿಫಿಕೇಟು ಇವತ್ತಿಗೂ ನಮ್ಮ ಟೀವಿಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿದೆ. ಶಾಲೆಯ ಆಫೀಸಿನಲ್ಲಿ ಕ್ಲರ್ಕ್ ಕೆಲಸ ಸಿಕ್ಕಿತು. ಮದುವೆಯಾಗಿ ಲಾಯಿಲಕ್ಕೆ ಬಂದ ಮೇಲೆ ಓಣಿಯವರ ಕಾಗದಗಳೆಲ್ಲ ನನ್ನ ಹತ್ತಿರ ಬರತೊಡಗಿದವು: ಪಂಚಾಯತಿನ ನೋಟಿಸು, ಕರೆಂಟಿನವರ ಪತ್ರ, ಗಲ್ಫಿನಲ್ಲಿದ್ದ ಮಗನ ಕೆಲಸದ ಕರಾರು. ನಾನು ಸೀಸದಕಡ್ಡಿ ಹಿಡಿದು ಮುಖ್ಯವಾದ ಸಾಲಿನಡಿ ಗೆರೆ ಎಳೆದು ವಿವರಿಸುತ್ತಿದ್ದೆ. ಗೆರೆ ಎಳೆಯದೆ ಓದಿದರೆ ಓದಿದ ಹಾಗೇ ಆಗುವುದಿಲ್ಲ ನನಗೆ. ಪ್ರತಿಯಾಗಿ ಬಸಳೆಯ ಕಟ್ಟೋ ಎರಡು ಸೌತೆಕಾಯಿಯೋ ಬರುತ್ತಿತ್ತು. "ಓದಿ ನೋಡದೆ ಒಪ್ಪ ಹಾಕ್ಬೇಡಿ" ಎಂದು ಎಲ್ಲರಿಗೂ ಬುದ್ಧಿ ಹೇಳಿ ಕಳಿಸುತ್ತಿದ್ದೆ.

ಇನ್ನು ನನ್ನ ಒಪ್ಪದ ಕಥೆ ಕೇಳಿ.

ಐದು ಸೆಂಟ್ಸು ಜಾಗ ತೆಗೆದುಕೊಂಡು ಮನೆ ಕಟ್ಟಲು ಹೊರಟಾಗ ಮಗಳು ಅಶ್ವಿತಾಗೆ ಮೂರು ವರ್ಷ, ಮಗ ಇನ್ನೂ ತೊಟ್ಟಿಲಲ್ಲಿ. ಇವರಿಗೆ ವೇಣೂರಿನಲ್ಲಿ ಪಂಪಿನ ಮೋಟಾರು ರಿಪೇರಿಯ ಅಂಗಡಿ. ಓದಿದ್ದು ಏಳನೆಯ ತರಗತಿ. ಬೆಳ್ತಂಗಡಿಯ ಬ್ಯಾಂಕಿನಲ್ಲಿ ಅಧಿಕಾರಿ ನಮ್ಮ ಮುಂದೆ ದಪ್ಪನೆಯ ಕಾಗದದ ಕಟ್ಟು ಇಟ್ಟರು. ಎಲ್ಲವೂ ಇಂಗ್ಲಿಷು, ಸಾಸಿವೆಯಷ್ಟು ಅಕ್ಷರ. ಇವರು ನನ್ನ ಮೊಣಕೈ ಮುಟ್ಟಿ, "ಒಮ್ಮೆ ಓದು ಮಾರಾಯ್ತಿ" ಎಂದರು.

ಅಧಿಕಾರಿ ನಕ್ಕು, "ಮೇಡಂ ಗ್ರಾಜುಯೇಟ್ ಅಲ್ವಾ? ನೋಡಿದ್ರೆ ಗೊತ್ತಾಗ್ತದೆ ಅವರಿಗೆ" ಎಂದರು.

ನಾನು ಕಲಿತದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಮೊದಲ ಪುಟದ ಮೂರನೆಯ ಸಾಲಿಗೇ ನನ್ನ ಇಂಗ್ಲಿಷು ಮುಗಿದಿತ್ತು. ಅದನ್ನು ಹೇಳಿದ್ದರೆ ಆಗುತ್ತಿತ್ತು. ಹೇಳಿದರೆ ಅಮ್ಮನ ಶಾಯಿಬೆರಳು ಆ ಮೇಜಿನ ಮೇಲೆ ಎಲ್ಲರಿಗೂ ಕಾಣುತ್ತದೆಂದು ಯಾಕೋ ಅನಿಸಿತು. ಪುಟಗಳನ್ನು ಚುರುಕಾಗಿ ಮಗುಚಿದೆ, ಎರಡು ಕಡೆ ತಲೆಯನ್ನೂ ಆಡಿಸಿದೆ.

"ಓದಿದೆ. ಎಲ್ಲ ಸರಿ ಉಂಟು" ಎಂದೆ.

ಮತ್ತೆ ಒಪ್ಪ ಹಾಕಿದೆ. ಪ್ರತಿ ಪುಟಕ್ಕೂ, ಬಾಲ ಎಳೆದು, ಎರಡೆರಡು ಚುಕ್ಕಿ ಇಟ್ಟು.

ಹದಿನೈದು ವರ್ಷದ ಸಾಲ. ಮಗಳ ಪಿಯುಸಿ ಮುಗಿಯುವ ವರ್ಷವೇ ಅದೂ ಮುಗಿಯಬೇಕು. ಕೊನೆಯ ಕಂತಿನ ತಿಂಗಳನ್ನು ಕಪಾಟಿನ ಬಾಗಿಲಿನ ಒಳಗೆ ಬರೆದಿಟ್ಟಿದ್ದೆ. ಕಂತು ಒಮ್ಮೆಯೂ ತಪ್ಪಲಿಲ್ಲ, ಹೆಚ್ಚೂ ಆಗಲಿಲ್ಲ. ನಡುನಡುವೆ ಬ್ಯಾಂಕಿನ ಪತ್ರ ಬರುತ್ತಿತ್ತು. ಮಾಮೂಲಿ ಲೆಕ್ಕವೆಂದು ಬಿಡಿಸದೆ ಫೈಲಿಗೆ ಸೇರಿಸುತ್ತಿದ್ದೆ. ಊರಿನವರ ಪತ್ರ ಓದುವುದರಲ್ಲಿ ನನಗೆ ಪುರುಸೊತ್ತೆಲ್ಲಿ!

ಆ ತಿಂಗಳು ಬಂತು. ಅಶ್ವಿತಾಗೆ ಮೂಡುಬಿದಿರೆಯಲ್ಲಿ ಫಿಸಿಯೋಥೆರಪಿಗೆ ಸೀಟು ಸಿಕ್ಕಿತ್ತು. ಕಂತು ನಿಂತರೆ ಆ ದುಡ್ಡು ಫೀಸಿಗೆ ಎಂಬುದು ನಮ್ಮ ಲೆಕ್ಕ. ನಾವಿಬ್ಬರೂ ಒಂದು ಕಿಲೋ ಲಾಡು ಕಟ್ಟಿಸಿಕೊಂಡು ಬ್ಯಾಂಕಿಗೆ ಹೋದೆವು. ಹೊಸ ಅಧಿಕಾರಿ, ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಪೊಟ್ಟಣ ನೋಡಿ "ಎಂತ ವಿಶೇಷ?" ಎಂದು ಕೇಳಿದಳು. ಮತ್ತೆ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಸಾಲ ಮುಗಿಯಲು ಇನ್ನೂ ಆರು ವರ್ಷ ಇತ್ತು.

"ಬಡ್ಡಿ ಜಾಸ್ತಿಯಾದಾಗೆಲ್ಲ ಕಂತು ಹಾಗೇ ಇಟ್ಟು ವರ್ಷ ಜಾಸ್ತಿ ಮಾಡಿದ್ದಾರೆ ಆಂಟಿ. ಅಗ್ರಿಮೆಂಟಲ್ಲಿ ಉಂಟು. ಲೆಟರೂ ಕಳಿಸಿದ್ದಾರೆ. ನಿಮ್ಮದೇ ಸೈನ್ ಅಲ್ವಾ ಇದು?"

ನನ್ನದೇ. ಎರಡು ಚುಕ್ಕಿ ಸಮೇತ.

ಲಾಡಿನ ಪೊಟ್ಟಣವನ್ನು ಅಲ್ಲಿ ಬಿಡುವುದೋ ತರುವುದೋ ತಿಳಿಯದೆ ವಾಪಸು ತಂದೆ. ಒಂದು ವಾರ ಅದನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ಇರುವೆಗೆ ಹೋಯಿತು. ಇವರು ಊಟಕ್ಕೆ ಕೂತಲ್ಲೆಲ್ಲ ಬ್ಯಾಂಕಿಗೆ ಬೈದರು. "ಕಳ್ಳರು! ಓದಿದವಳ ಕಣ್ಣಿಗೇ ಮಣ್ಣು ಹಾಕಿದ್ದಾರೆ. ನನ್ನಂಥವನ ಗತಿ ಎಂತ?" ನಾನು ಸಾರು ಬಡಿಸಿದೆ. ಆಗಲೂ ಹೇಳಲಿಲ್ಲ.

ಅಶ್ವಿತಾ ಒಂದು ವಾರ ಕೋಣೆಯಲ್ಲಿ ಹಳೆಯ ಫೈಲು ಹರಡಿಕೊಂಡು ಕೂತಿದ್ದಳು. ಬ್ಯಾಂಕು ಕೊಟ್ಟ ಕರಾರಿನ ನಕಲು, ನಾನು ಒಡೆಯದೆ ಇಟ್ಟ ಲಕೋಟೆಗಳು ಎಲ್ಲ ಅದರಲ್ಲಿದ್ದವು. ಮತ್ತೆ ಹೊರಗೆ ಬಂದು, ಬಸ್ಸಿನ ಹೊತ್ತು ಹೇಳುವ ಧ್ವನಿಯಲ್ಲಿ, "ಮೂಡುಬಿದಿರೆ ಬೇಡ ಅಮ್ಮ. ಬಿ.ಸಿ. ರೋಡಿನ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗಿಗೆ ಜನ ಬೇಕಂತೆ. ಒಂದು ವರ್ಷ ಹೋಗ್ತೇನೆ" ಎಂದಳು. ಆ ಒಂದು ವರ್ಷ ಆರಾಯಿತು. ತಮ್ಮ ಮೂಡುಬಿದಿರೆಯಲ್ಲಿ ಓದಿದ, ಅರ್ಧ ಫೀಸು ಅಕ್ಕನ ಸಂಬಳದಿಂದ. ಅವನು ರಜೆಯಲ್ಲಿ ಬಂದು ಕಾಲೇಜಿನ ಸುದ್ದಿ ಹೇಳುವಾಗ ಅವಳು ನಗುತ್ತಲೇ ಕೇಳುತ್ತಿದ್ದಳು. ಇಡೀ ದಿನ ನಿಂತು ಬಾತ ಪಾದಗಳನ್ನು ಬಿಸಿನೀರಿಗೆ ಇಳಿಸಿಕೊಂಡು.

ಮೊನ್ನೆ ಸೋಮವಾರ ಪತ್ರ ಬಿಡಿಸಲು ಅವಳೂ ರಜೆ ಹಾಕಿ ಬಂದಳು. ಅಧಿಕಾರಿ ಋಣಮುಕ್ತಿಯ ಕಾಗದಗಳನ್ನು ಮುಂದಿಟ್ಟು ನಾವು ಸಹಿ ಹಾಕುವ ಕಡೆಯಲ್ಲೆಲ್ಲ ಗುರುತು ಮಾಡಿಕೊಟ್ಟರು. ನಾನು ಪೆನ್ನು ತೆಗೆದೆ. ಅಶ್ವಿತಾ ನನ್ನ ಕೈ ಹಿಡಿದು, ಕಾಗದಗಳನ್ನು ತನ್ನ ಕಡೆ ಎಳೆದುಕೊಂಡಳು. ಒಂದೊಂದೇ ಸಾಲು, ಬೆರಳಿಟ್ಟು ಓದತೊಡಗಿದಳು. ಗೋಡೆಯ ಗಡಿಯಾರ ಕಾಲು ಗಂಟೆ ಓಡಿತು. ಹಿಂದೆ ನಿಂತವರು ಕೆಮ್ಮಿದರು.

"ಎಲ್ಲರೂ ಸೈನ್ ಮಾಡಿ ಹೋಗ್ತಾರೆ, ಇದರಲ್ಲಿ ಎಂತ ಇಲ್ಲ" ಎಂದರು ಅಧಿಕಾರಿ.

ಅವಳು ತಲೆ ಎತ್ತಲಿಲ್ಲ. "ನಮ್ಮ ಅಮ್ಮ ಒಮ್ಮೆ ಓದದೆ ಒಪ್ಪ ಹಾಕಿದ್ದಾರೆ ಸರ್" ಎಂದಳು.

ನಾನು ಇವರ ಮುಖ ನೋಡಲಿಲ್ಲ. ಇವರೂ ನನ್ನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಸ್ಕೂಟರಿನ ಕೀಲಿಯನ್ನು ತಿರುಗಿಸುತ್ತಿದ್ದವರು ನಿಲ್ಲಿಸಿದರು, ಅಷ್ಟೆ. ಕೊನೆಯ ಪುಟವನ್ನೂ ಓದಿ ಮುಗಿಸಿ ಅವಳು, "ಸರಿ ಉಂಟು. ಹಾಕಿ" ಎಂದು ಪೆನ್ನು ನನ್ನ ಕೈಗೆ ಕೊಟ್ಟಳು.

ಹೊರಗೆ ಬಂದ ಮೇಲೆ, ಇವರು ಸ್ಕೂಟರು ತರಲು ಹೋದಾಗ ಕೇಳಿದೆ. "ನಿನಗೆ ಹೇಗೆ ಗೊತ್ತು?"

"ಆ ಅಗ್ರಿಮೆಂಟಿನ ಕಾಪಿಯಲ್ಲಿ ಒಂದೇ ಒಂದು ಸೀಸದ ಗೆರೆ ಇರ್ಲಿಲ್ಲ ಅಮ್ಮ."

ಆರು ವರ್ಷ ಅವಳು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಿ.ಸಿ. ರೋಡಿನ ಬಸ್ಸು ಹತ್ತಿದ್ದಾಳೆ.

ಇವರು ಈ ಮಾತನ್ನು ಇನ್ನೂ ಎತ್ತಿಲ್ಲ. ಬ್ಯಾಂಕಿಗೆ ಬೈಯುವುದನ್ನು ಮಾತ್ರ ನಿಲ್ಲಿಸಿದ್ದಾರೆ. ನನಗೆ ಬೈದಿದ್ದರೆ ಒಳ್ಳೆಯದಿತ್ತು.

ಇವತ್ತು ಸಂಜೆ ಶಾಲೆಯಿಂದ ಬಂದು ಫೈಲು ಬಿಚ್ಚಿ ಕೂತಿದ್ದೇನೆ. ಹಳೆಯ ಕರಾರನ್ನು ಓದುತ್ತಿದ್ದೇನೆ, ಸೀಸದಕಡ್ಡಿ ಹಿಡಿದು, ಮೊದಲ ಸಾಲಿನಿಂದ. ಇನ್ನು ಓದಿ ಏನೂ ಉಪಯೋಗವಿಲ್ಲವೆಂದು ನನಗೂ ಗೊತ್ತು. ಮೂರನೆಯ ಸಾಲಿನಲ್ಲಿ ಅದೇ ಪದ ಸಿಕ್ಕಿದೆ, ಆವತ್ತು ನನ್ನನ್ನು ನಿಲ್ಲಿಸಿದ್ದು. ಅದರಡಿ ಗೆರೆ ಎಳೆದಿಟ್ಟಿದ್ದೇನೆ. ಬಿ.ಸಿ. ರೋಡಿನ ಬಸ್ಸು ಏಳೂಕಾಲಿಗೆ ಬರುತ್ತದೆ. ಅಶ್ವಿತಾ ಬಂದು ಕಾಲು ತೊಳೆದ ಮೇಲೆ ಅರ್ಥ ಕೇಳಬೇಕು.