ಪೇಡೆ ಹಂಚಿದ ಮೇಲೆ ಬಂದ ಲಿಸ್ಟು

ಹೋದ ವರ್ಷ ನಾನು ನಮ್ಮ ಓಣಿಗೆಲ್ಲ ಎರಡು ಕೆಜಿ ಪೇಡೆ ಹಂಚಿದೆ. ಯಾತಕ್ಕೆ ಗೊತ್ತೇ? ಇನ್ನೂ ಸಿಗದೇ ಇದ್ದ ಮೆಡಿಕಲ್ ಸೀಟಿಗೆ!

ನಗುವವರು ಈಗಲೇ ನಕ್ಕುಬಿಡಿ. ಸ್ವಲ್ಪ ಹೊತ್ತಿಗೆ ನಗು ಬರಲಿಕ್ಕಿಲ್ಲ.

ರಾಣೇಬೆನ್ನೂರಿನ ನಮ್ಮ ಮನೆಯ ಎದುರಿಗೇ ಮೆಹಬೂಬ್ ಸಾಹೇಬರ ಮನೆ. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ತೂಕದ ಯಂತ್ರ ರಿಪೇರಿ ಅವರ ಕಸುಬು. ಸಂಜೆ ಅವರು ಓಣಿಗೆ ಕಾಲಿಟ್ಟರೆ ಸಾಕು, ಅಂಗಿಯ ಘಾಟಿಗೆ ನಾಲ್ಕು ಮಂದಿ ಸೀನುತ್ತಾರೆ. (ಮೊದಲ ಸೀನು ನನ್ನದೇ.) ಅವರಿಗೆ ಒಬ್ಬಳೇ ಮಗಳು, ನಸ್ರೀನ್. ಪಿಯುಸಿ ಮುಗಿಸಿದ ಮೇಲೆ ಹಾವೇರಿಯ ಒಂದು ಟ್ಯೂಷನ್ ಕ್ಲಾಸಿನಲ್ಲಿ ಬಯಾಲಜಿ ಹೇಳಿಕೊಡುತ್ತಿದ್ದಳು. ಓಣಿಗೆ ಗೊತ್ತಿದ್ದದ್ದು ಇಷ್ಟೇ.

ಗೊತ್ತಿಲ್ಲದ್ದು ಬೇರೆ ಇತ್ತು. ಆಕೆ ಪ್ರತಿ ವರ್ಷ ನೀಟ್ ಬರೆಯುತ್ತಿದ್ದಳು. ಪ್ರತಿ ವರ್ಷ ಸರ್ಕಾರಿ ಸೀಟು ಕೂದಲೆಳೆಯಲ್ಲಿ ತಪ್ಪುತ್ತಿತ್ತು. ಪರೀಕ್ಷೆಯ ದಿನ ಮನೆಮಂದಿಯೆಲ್ಲ ‘ದಾವಣಗೇರಿಗೆ ಮದುವಿಗೆ ಹೊಂಟೇವ್ರಿ’ ಎಂದು ಹೇಳಿ ಬಸ್ಸು ಹತ್ತುತ್ತಿದ್ದರು. ಪರೀಕ್ಷೆಯ ನಿಯಮದಂತೆ ಹುಡುಗಿಯ ಕೈಯಲ್ಲಿ ಬಳೆಯಿಲ್ಲ, ಕಿವಿಯಲ್ಲಿ ಓಲೆಯಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಈ ವೇಷದಲ್ಲಿ ಯಾರು ಮದುವೆಗೆ ಹೋಗುತ್ತಾರೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ ನೋಡಿ.

ಗುಟ್ಟು ಯಾಕೆ? ಕಣ್ಣು ಬೀಳುತ್ತದೆ ಅನ್ನುವುದು ಬಾಯಿಮಾತು. ಒಳಗಿನ ಭಯ ಬೇರೆ. ‘ಏನಾತು, ಸೀಟು ಸಿಕ್ತೇನು?’ ಎಂದು ಹತ್ತು ಮಂದಿ ಕೇಳುತ್ತಾರಲ್ಲ, ಅದರ ಭಯ.

ಹೋದ ವರ್ಷದ್ದು ಮೂರನೇ ಪ್ರಯತ್ನ. ಒಂದು ಮಧ್ಯಾಹ್ನ ಸಾಹೇಬರು ಬೆವರುತ್ತ ನಮ್ಮ ಮನೆಗೆ ಬಂದರು. ಕೈಯಲ್ಲಿ ಮಗಳ ಅರ್ಜಿ ನಂಬರಿನ ಚೀಟಿ.

‘ಸರ್ರ, ಲಿಸ್ಟ್ ಬಂದದ ಅಂತ. ಹುಡುಗಿ ಇನ್ನಾ ಹಾವೇರ್ಯಾಗ ಅದಾಳ, ಫೋನ್ ಎತ್ತವಲ್ಲಳು. ನೀವರ ನೋಡ್ರಿ. ನನಗ ಇದೆಲ್ಲಾ ತಿಳ್ಯಂಗಿಲ್ಲ’ ಎಂದರು. ಮೂರು ಸಲದ ಕಥೆಯನ್ನೂ ಆಗಲೇ ಹೇಳಿದರು. ‘ಯಾರ ಮುಂದೂ ಅನ್ನಬ್ಯಾಡ್ರಿ ಮತ್ತ’ ಎಂದು ಕೈ ಹಿಡಿದುಕೊಂಡರು.

ಗುಟ್ಟು ಹೇಳಲಿಕ್ಕೆ ಊರಲ್ಲಿ ಅವರಿಗೆ ಸಿಕ್ಕಿದ್ದು ಯಾರು? ವಾರಕ್ಕೊಮ್ಮೆ ಮನೆಯ ಮಾತನ್ನೆಲ್ಲ ಪೇಪರಿನಲ್ಲಿ ಬರೆಯುವ ನಾನು!

ನಂಬರು ಹಾಕಿದೆ. ವೆಬ್‌ಸೈಟು ಗಿರಗಿರ ತಿರುಗಿ ತಿರುಗಿ ಕೊನೆಗೆ ತೆರೆಯಿತು. ಹೆಸರು: ನಸ್ರೀನ್. ಕೋರ್ಸು: ಎಂಬಿಬಿಎಸ್. ಕೆಳಗೆ ಒಂದು ಸರ್ಕಾರಿ ಕಾಲೇಜಿನ ಹೆಸರು. ಸಾಹೇಬರು ನೆಲಕ್ಕೆ ಕುಳಿತು ಅತ್ತುಬಿಟ್ಟರು. ನಾನು ಚಪ್ಪಲಿ ಮೆಟ್ಟಿಕೊಂಡು ನೇರ ಸ್ವೀಟ್ ಅಂಗಡಿಗೆ ಹೋದೆ. ಇನ್ನೇನು ಗುಟ್ಟು? ಅರ್ಧ ಗಂಟೆಯಲ್ಲಿ ಇಡೀ ಓಣಿಯ ಬಾಯಲ್ಲಿ ಪೇಡೆ. ಮೂಲೆಮನೆಯ ಗಿರಿಜಮ್ಮಾಯಿ, ಎಂಬತ್ತರ ಮುದುಕಿ, ಸಕ್ಕರೆ ಕಾಯಿಲೆಯನ್ನು ಬದಿಗಿಟ್ಟು ಎರಡು ತಿಂದಳು.

ಸಂಜೆ ನಸ್ರೀನ್ ಬಸ್ಸಿಳಿದು ಬಂದಳು. ಓಣಿಯ ತಿರುವಿನಲ್ಲೇ ಯಾರೋ ಹಾರ ಹಾಕಿದರು. ಗಿರಿಜಮ್ಮಾಯಿ ‘ಡಾಕ್ಟರವ್ವಾ!’ ಎಂದು ಅವಳ ಗಲ್ಲ ಹಿಂಡಿದಳು. ಹುಡುಗಿ ನನ್ನ ಮುಖ ನೋಡಿದಳು. ಮೊಬೈಲು ಇಸಿದುಕೊಂಡು ನೋಡಿದಳು. ಆಮೇಲೆ ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಹೇಳಿದಳು:

‘ಕಾಕಾ, ಇದು ಖರೇ ಲಿಸ್ಟ್ ಅಲ್ರಿ. ಮಾಕ್ ಲಿಸ್ಟ್.’

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೀಟು ಹಂಚುವ ಮುಂಚೆ ಒಂದು ತಾಲೀಮು ನಡೆಯುತ್ತದೆ. ಈಗಿನ ಲೆಕ್ಕದಲ್ಲಿ ನಿಮಗೆ ಈ ಸೀಟು ಸಿಗಬಹುದು ಎಂದು ತೋರಿಸುತ್ತಾರೆ, ಅಷ್ಟೇ. ಅದನ್ನು ನೋಡಿ ಎಲ್ಲರೂ ತಮ್ಮ ತಮ್ಮ ಆಯ್ಕೆ ಬದಲಿಸುತ್ತಾರೆ. ಅಸಲಿ ಲಿಸ್ಟು ಬರುವುದು ಆಮೇಲೆ. ಪುಟದ ನೆತ್ತಿಯ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ಓದಿರಲಿಲ್ಲ. ಕನ್ನಡಕ ಮೂಗಿನ ಮೇಲೇ ಇತ್ತು.

‘ಎಲ್ಲಾರಿಗೂ ಹೇಳಿಬಿಡ್ಲೇನವಾ?’ ಎಂದೆ.

‘ಬ್ಯಾಡ್ರಿ ಕಾಕಾ. ಖುಷೀಲೆ ತಿನ್ನಾಕತ್ತಾರ. ತಿನ್ಲಿ’ ಎಂದಳು. ತಾನೂ ಒಂದು ಪೇಡೆ ಬಾಯಿಗೆ ಹಾಕಿಕೊಂಡಳು.

ಅಸಲಿ ಲಿಸ್ಟು ಬಂತು. ಆಕೆಯ ಹೆಸರಿಲ್ಲ. ಎರಡನೇ ಸುತ್ತಿನಲ್ಲೂ ಇಲ್ಲ, ಕೊನೆಯದರಲ್ಲೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನಂತೂ ಹದಿನೈದು ದಿನ ಹಿತ್ತಲ ಬಾಗಿಲಿನಿಂದ ಓಡಾಡಿದೆ. ಜನರಿಗೆ ಪುಟಗಟ್ಟಲೆ ಬುದ್ಧಿ ಹೇಳುವ ಮನುಷ್ಯ!

ಓಣಿಗೆ ಸುದ್ದಿ ಹೇಳಿದವಳು ನಸ್ರೀನಳೇ. ಒಂದು ಸಂಜೆ ಗಿರಿಜಮ್ಮಾಯಿಯ ಕಟ್ಟೆಯ ಮೇಲೆ ಕುಳಿತು, ಇದ್ದದ್ದು ಇದ್ದ ಹಾಗೆ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ಮನೆಯಲ್ಲಿ ತಾಯಿ ‘ಸಾಕ್ ಮಾಡವಾ, ಬಿ.ಎಸ್ಸಿ. ಸೇರು’ ಎನ್ನುತ್ತಿದ್ದರು. ‘ನನಗೂ ಸಾಕಾಗೇತಿ ಆಯಿ’ ಎಂದಳು.

ಮುದುಕಿ ಸಮಾಧಾನ ಹೇಳುತ್ತಾಳೆ ಎಂದುಕೊಂಡಿರಾ? ಬೈದಳು.

‘ಹೆಂಗ ಸಾಕಾಗತೈತಿ? ನಮ್ಮ ಓಣ್ಯಾಗ ಡಾಕ್ಟರ್ ಅದಾಳಂತ ನನ್ನ ತವರಮನಿತನಕಾ ಹೇಳಿ ಕುಂತೇನಿ. ಈಗ ನನ್ನ ಮರ್ಯಾದಿ ಏನಾಗಬೇಕು? ಸುಮ್ನ ಇನ್ನೊಮ್ಮೆ ಬರಿ!’

ಅಲ್ಲಿದ್ದವರೆಲ್ಲ ನಕ್ಕರು. ಅಳುತ್ತಿದ್ದ ಹುಡುಗಿಯೂ ನಕ್ಕಳು. ಆದರೆ ಮುದುಕಿ ತಮಾಷೆ ಮಾಡಿರಲಿಲ್ಲ. ಮರುದಿನದಿಂದ ಬೆಳಿಗ್ಗೆ ಕೋಲೂರಿಕೊಂಡು ಬಂದು ಸಾಹೇಬರ ಬಾಗಿಲು ಬಡಿಯತೊಡಗಿದಳು. ‘ಎದ್ದಿಯೇನ ಬೇ?’

ಗುಟ್ಟು ಹೋದ ಮೇಲೆ ಏನೇನಾಯಿತು ಕೇಳಿ. ಓಣಿಯಲ್ಲೇ ಇದ್ದ ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರು ‘ಮೂರು ವರ್ಷ ಇದ ಓಣ್ಯಾಗ ಇದ್ದೆ, ಒಂದ್ ಮಾತು ಕೇಳಬಾರದಿತ್ತೇನವಾ?’ ಎಂದು ಸಿಟ್ಟು ಮಾಡಿಕೊಂಡೇ ಪಾಠ ಶುರು ಮಾಡಿದರು. ಪಕ್ಕದ ಹಿಟ್ಟಿನ ಗಿರಣಿಯ ಈರಣ್ಣ ಸಂಜೆ ಆರಕ್ಕೇ ಗಿರಣಿ ಬಂದ್ ಮಾಡತೊಡಗಿದ. ಗಿರಾಕಿಗಳು ಗೊಣಗಿದರೆ ‘ಹುಡುಗಿ ಓದಾಕತ್ತೈತ್ರಿ, ನಾಳೆ ಬರ್ರಿ’ ಎನ್ನುತ್ತಿದ್ದ. ಈ ಸಲ ದಾವಣಗೆರೆಗೆ ಯಾವ ಮದುವೆಯ ನೆಪವೂ ಬೇಕಾಗಲಿಲ್ಲ. ಮೇಷ್ಟ್ರೇ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. (ನಾನೂ ಹೋಗಿದ್ದೆ. ಹಾಲ್ ಟಿಕೆಟ್ ಮುಟ್ಟಲಿಕ್ಕೆ ಮಾತ್ರ ಬಿಡಲಿಲ್ಲ.)

ಈ ವರ್ಷ ಸೀಟು ಸಿಕ್ಕಿತು. ಖರೇ ಲಿಸ್ಟಿನಲ್ಲಿ. ಮೂರು ಜನ ಮೂರು ಮೊಬೈಲಿನಲ್ಲಿ ಓದಿ ಖಾತ್ರಿ ಮಾಡಿಕೊಂಡೆವು.

ಹೋದ ವಾರ ಹಾಸ್ಟೆಲ್ಲಿಗೆ ಹೊರಡುವ ಮುಂಚೆ ನಸ್ರೀನ್ ನಮ್ಮ ಮನೆಗೆ ಬಂದಳು. ಒಂದು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಹೇಳಿಯೇಬಿಟ್ಟೆ. ‘ತಪ್ಪಾತವಾ. ಹತ್ತ ಮಂದೀ ಮುಂದ ನಿನ್ನ ಮಾನ ತಗದೆ.’

‘ಮೊದಲ ಎರಡ ಸಲ ಸೀಟ್ ತಪ್ಪಿದಾಗ ಬಚ್ಚಲದಾಗ ನಳ ಬಿಟ್ಟ ಅತ್ತಿದ್ದೆ ಕಾಕಾ, ಯಾರಿಗೂ ಕೇಳಬಾರದಂತ’ ಎಂದಳು. ‘ಮೂರನೇ ಸಲ ಕಟ್ಟೀ ಮ್ಯಾಲ ಕುಂತ ಅತ್ತೆ. ಕಣ್ಣೀರ ಆಗಿನಷ್ಟ ಇದ್ವು. ಆದ್ರ ಲಗೂನ ನಿಂತ್ವು.’

ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ನಾವು ಮಕ್ಕಳ ಗೆಲುವಿಗೆ ಬ್ಯಾನರು ಕಟ್ಟಿಸುತ್ತೇವೆ, ಸ್ಟೇಟಸ್ ಹಾಕುತ್ತೇವೆ. ಸೋಲನ್ನು ಮಾತ್ರ ಅವರವರ ಕೋಣೆಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತೇವೆ. ನಾಲ್ಕು ಸಲ ಬರೆಯುವುದಕ್ಕೆ ಬುದ್ಧಿ ಬೇಕು, ಹಟ ಬೇಕು, ಎಲ್ಲ ಖರೆ. ಮೂರು ಸಲ ಸೋತದ್ದನ್ನು ಹೇಳಿಕೊಳ್ಳಲಿಕ್ಕೆ ಒಂದು ಕಟ್ಟೆಯೂ ಬೇಕಲ್ಲವೇ?

ನಸ್ರೀನಳನ್ನು ಬಸ್ಸು ಹತ್ತಿಸಿ ಎಲ್ಲರೂ ಹಿಂದಿರುಗುತ್ತಿದ್ದೆವು. ಈರಣ್ಣ ನನ್ನ ತೋಳು ಹಿಡಿದು ಹಿಂದಕ್ಕೆ ನಿಲ್ಲಿಸಿಕೊಂಡ. ಉಳಿದವರು ಮುಂದೆ ಹೋಗಲಿ ಎಂದು ಕಾಯ್ದ.

‘ಸರ್ರ, ನಮ್ಮ ಮಗಳೂ ನೀಟ್ ಎರಡ ಸಲ ಬರದಾಳ್ರಿ. ಯಾರಿಗೂ ಹೇಳಿಲ್ಲ.’

ವರ್ಷಪೂರ್ತಿ ಸಂಜೆ ಆರಕ್ಕೆ ಗಿರಣಿ ನಿಲ್ಲಿಸಿದ ಮನುಷ್ಯ. ಒಬ್ಬಳಿಗಾಗಿ ನಿಲ್ಲಿಸಿದ್ದಾನೆ ಎಂದುಕೊಂಡಿದ್ದೆವು ನಾವು.

ನಿಮ್ಮ ಓಣಿಯಲ್ಲಿ ಯಾವ ಮನೆಯ ಮಗು ಗುಟ್ಟಾಗಿ ಸೋಲುತ್ತಿದೆ, ಗೊತ್ತೇ ನಿಮಗೆ?