ಮಾರ್ಕಿನ ಚೌಕಾಸಿ

ಆರನೇ ಕ್ಲಾಸಿನ ಆ ಪರೀಕ್ಷೆಗೆ ನಮ್ಮ ಮನೆಯಿಂದ ಹೋದದ್ದು ದಿನಕ್ಕೊಂದು ಪುಟ್ಟಿ ರೇಷ್ಮೆ ಸೊಪ್ಪು. ಇಸ್ಕೂಲಿಗೂ ಸೊಪ್ಪಾ ಎಂದು ಅಮ್ಮ ಗೊಣಗಿದರೂ ಕೊಟ್ಟಳು. ಕಾರಣವಿತ್ತು. ಹಿಂದಿನ ವರ್ಷ ನಾನು ಲೆಕ್ಕದಲ್ಲಿ ಫೇಲಾಗಿದ್ದೆ. ಈ ಸಲವೂ ಹೋದರೆ ಓದು ಬಿಡಿಸಿ, ನಮ್ಮೂರು ಶಿಡ್ಲಘಟ್ಟದಲ್ಲೇ ಇದ್ದ ಸೋದರಮಾವನ ಚರಕದ ಮುಂದೆ ರೇಷ್ಮೆ ಗೂಡಿನಿಂದ ನೂಲು ತೆಗೆಯಲು ಕೂರಿಸುವುದೆಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು.

ತೊಂಡೇಬಾವಿ ಕಡೆಯಿಂದ ವರ್ಗವಾಗಿ ಬಂದ ಹೊಸ ಮೇಷ್ಟ್ರು ಕ್ಲಾಸಿನಲ್ಲೇ ರೇಷ್ಮೆ ಹುಳು ಸಾಕಿಸಿದರು, ಸಾಲಿಗೊಂದು ತಟ್ಟೆ. ನಮ್ಮ ಸಾಲಿನ ಮೇವಿನ ಹೊಣೆ ನನ್ನದು. ಸೊಪ್ಪು ತೂಗುವುದೇ ಲೆಕ್ಕ. ಹುಳು ಜ್ವರಕ್ಕೆ ಕೂರುವುದು, ಅಂದರೆ ಮೇವು ಬಿಟ್ಟು ಪೊರೆ ಕಳಚುವುದು, ವಿಜ್ಞಾನ. ಕಂಡದ್ದನ್ನು ದಿನವೂ ನಾಲ್ಕು ಸಾಲು ಬರೆದರೆ ಕನ್ನಡ. ನೂಲು ಯಾವ ದಾರಿ ಹಿಡಿದು ಯಾವ ಊರಿಗೆ ಹೋಗುತ್ತದೆಂಬುದು ಭೂಗೋಳ. ಗೂಡು ಕಟ್ಟಿದ ಮೇಲೆ ಪರೀಕ್ಷೆ. ಪ್ರಶ್ನೆಪತ್ರಿಕೆ ಇಲ್ಲ. ಒಬ್ಬೊಬ್ಬರೂ ಎದ್ದು ತಮಗೆ ನೂರಕ್ಕೆ ಎಷ್ಟು ಬರಬೇಕೆಂದು ಹೇಳಬೇಕು, ಯಾಕೆಂದು ತೋರಿಸಬೇಕು. ಉಳಿದವರು ಮಾತಾಡಬಹುದು.

ನಾವೆಲ್ಲ ಗೂಡಿನ ವ್ಯಾಪಾರ ನೋಡಿ ಬೆಳೆದವರು. ಮಾರುವವನು ಮೊದಲು ಹೇಳುವ ಬೆಲೆ ಬೇರೆ, ಕೊನೆಗೆ ಕುದುರುವ ಬೆಲೆ ಬೇರೆ. ಹಾಗಾಗಿ ಕ್ಲಾಸಿಗೆ ಕ್ಲಾಸೇ ತೊಂಬತ್ತರಿಂದ ಶುರುಮಾಡಿತು. ಪಾಸಾಗುವಷ್ಟು ಸಿಕ್ಕರೆ ನನಗೆ ಸಾಕಿತ್ತು. ಮೇಷ್ಟ್ರು ಇಳಿಸುತ್ತಾರೆ, ನಾನು ಎಳೆದಾಡುತ್ತೇನೆ, ಎಲ್ಲೋ ಐವತ್ತಕ್ಕೆ ನಿಲ್ಲುತ್ತದೆ ಎಂದು ತೊಂಬತ್ತೈದು ಅಂದೆ.

"ಆಯ್ತಪ್ಪ, ತೊಂಬತ್ತೈದೇ. ತೋರ್ಸು," ಅಂದರು.

ಚೌಕಾಸಿಗೆ ಬಂದವನಿಗೆ ಕೇಳಿದ್ದನ್ನೇ ಕೊಟ್ಟರೆ ಕೈಕಾಲು ಆಡುವುದಿಲ್ಲ. ನಮ್ಮ ತಟ್ಟೆಯಲ್ಲಿ ಅರ್ಧ ಹುಳು ಸತ್ತಿದ್ದವು. ತೋರಿಸುವುದೇನು?

ಪಕ್ಕದ ಸಾಲಿನಿಂದ, ಮನೆಯಲ್ಲಿ ಉರ್ದು ಆಡುವ ಗೂಡಿನ ವ್ಯಾಪಾರಿಯ ಮಗ ಎದ್ದ. "ಇವ್ನ್ ತಟ್ಟೆ ಹಾಳಾಯ್ತು ಸಾ, ನಿಜ. ಮಳೆನೀರಿರೋ ಸೊಪ್ಪು ಹಾಕ್ಬೇಡ್ರೋ ಅಂತ ನಮ್ಗೆ ಬಂದು ಹೇಳಿದ್ದೂ ಇವ್ನೇ. ನಮ್ ಹುಳ ಉಳೀತು."

ನಿನಗೆ ಹೇಗೆ ತಿಳಿಯಿತೆಂದು ಮೇಷ್ಟ್ರು ನನ್ನನ್ನು ಕೇಳಿದರು. ಮಳೆಯಲ್ಲಿ ನೆಂದ ಸೊಪ್ಪು ಹಾಕಿದ ದಿನ ಮೇವು ಅರ್ಧಕ್ಕರ್ಧ ಉಳಿದಿತ್ತು, ತೂಗಿದಾಗಲೇ ಅನುಮಾನ ಬಂತು ಎಂದೆ. ಹಾಗಾದರೆ ನೂರು ಹುಳುವಿಗೆ ಎಷ್ಟು ಮೇವು ಕಡಿಮೆಯಾದ ಹಾಗಾಯಿತು ಅಂದರು. ಬಾಯಲ್ಲೇ ಭಾಗಿಸಿ ಹೇಳಿದೆ. ಸ್ಲೇಟಿನ ಮೇಲೆ ಒಂದು ದಿನವೂ ಸರಿಬಾರದ ಲೆಕ್ಕ ಅದು. ಆಮೇಲೆ ನಾನಾಗಿಯೇ, ಸತ್ತ ಹುಳುಗಳಿಗೆಂದು ಮೂವತ್ತೈದು ಕಳೆದು ಅರವತ್ತು ಕೊಡಿ ಸಾ ಅಂದೆ. ಅರವತ್ತೇ ಬಿತ್ತು.

ಸಂಜೆ ಅಪ್ಪ ಕೇಳಿಸಿಕೊಂಡು ಅಮ್ಮನ ಕಡೆ ತಿರುಗಿದರು. "ತನ್ ಬೆಲೆ ತಾನೇ ಇಳ್ಸ್ಕೊಳೋನ್ನ ಚರಕದ ಮನೇಲಿ ಬಿಟ್ರೆ ನಿಮ್ಮಣ್ಣನ್ನೂ ಅಗ್ಗಕ್ಕೆ ಮಾರ್ಬಿಡ್ತಾನೆ. ಓದ್ಲಿ ಬಿಡೇ."

ನೀವು ಪಾಠ ಹೇಳುವವರಾದರೆ ಒಂದು ಮಾತು. ಮಗು ತನಗೆ ಹೆಚ್ಚು ಮಾರ್ಕು ಕೇಳಿದರೆ ಇಳಿಸಲು ಹೋಗಬೇಡಿ. ನೀವು ಇಳಿಸಿದಷ್ಟೂ ಅದು ಏರಿಸುತ್ತದೆ, ಕ್ಲಾಸು ಸಂತೆಯಾಗುತ್ತದೆ. ಒಪ್ಪಿಕೊಂಡು, ತೋರಿಸು ಅನ್ನಿ. ಕೆಟ್ಟುಹೋದ ಕೆಲಸದ ಬಗ್ಗೆ ಮೊದಲು ಕೇಳಿ, ಕಲಿತದ್ದು ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಮತ್ತೆ, ತೀರ್ಪು ಹೇಳುವ ಮೊದಲು ಜೊತೆಗಾರರ ಬಾಯಿಂದ ಎರಡು ಮಾತು ಕೇಳಿಸಿಕೊಳ್ಳಿ. ನಿಮ್ಮ ಬೆನ್ನ ಹಿಂದೆ ನಡೆದದ್ದೆಲ್ಲ ಅವರಿಗೆ ಗೊತ್ತಿರುತ್ತದೆ.